ಪ್ಯಾರಾಕ್ಸೈಲೀನ್ ಇಲ್ಲಿ, ಬಟ್ಟೆ ಬೆಂಗಳೂರಲ್ಲಿ, ನಡುವಿನದು ಎಲ್ಲಿ? ಮಂಗಳೂರಿನ ಪಿಟಿಎ ಘಟಕದ ಪ್ರಕರಣ ಅಧ್ಯಯನ

ಮಂಗಳೂರು ವಿಶೇಷ ಆರ್ಥಿಕ ವಲಯದಲ್ಲಿ ಎರಡು ದೊಡ್ಡ ರಾಸಾಯನಿಕ ಘಟಕಗಳಿವೆ. ಒಂದು ಪ್ಯಾರಾಕ್ಸೈಲೀನ್ ತಯಾರಿಸುತ್ತದೆ, ಅಂದರೆ ಪಾಲಿಯೆಸ್ಟರ್ ಬಟ್ಟೆಯ ಮೂಲದಲ್ಲಿರುವ, ತೈಲದಿಂದ ತೆಗೆಯುವ ರಾಸಾಯನಿಕ. ಇನ್ನೊಂದಕ್ಕೆ ಅದೇ ಪ್ಯಾರಾಕ್ಸೈಲೀನ್ ಕಚ್ಚಾವಸ್ತು, ಅದರಿಂದ ಪಾಲಿಯೆಸ್ಟರಿಗೆ ಬೇಕಾದ ಪಿಟಿಎ ಎಂಬ ಪುಡಿ ಮಾಡಲಿಕ್ಕೆಂದು ಕಟ್ಟಿದ್ದು. ಮೊದಲನೆಯದು 2014ರಲ್ಲಿ ಉತ್ಪಾದನೆ ಶುರು ಮಾಡಿತು. ಎರಡನೆಯದು ಎದ್ದು ನಿಂತಿತು, ಸಾಲದಲ್ಲಿ ಸಿಕ್ಕಿಕೊಂಡಿತು, ದಿವಾಳಿ ಪ್ರಕ್ರಿಯೆಗೆ ಹೋಯಿತು, 2023ರಲ್ಲಿ ಸರ್ಕಾರಿ ಕಂಪನಿಯೊಂದರ ಕೈ ಸೇರಿತು. ಇಷ್ಟು ವರ್ಷ ಇಲ್ಲಿಯ ಪ್ಯಾರಾಕ್ಸೈಲೀನ್ ಹಡಗು ಹತ್ತಿ ಹೋಗುತ್ತಲೇ ಇತ್ತು.

ಈ ಒಂದು ಪ್ರಕರಣವನ್ನು ಬಿಡಿಸಿ ನೋಡಿದರೆ ಕರಾವಳಿಯ ರಾಸಾಯನಿಕ ಉದ್ಯಮದ ಬಲ ಕಾಣುತ್ತದೆ. ಆ ಬಲ ಯಾವ ಹಂತದಲ್ಲಿ ನಿಂತುಬಿಟ್ಟಿದೆ ಅನ್ನುವುದೂ ಕಾಣುತ್ತದೆ. ಎಂಆರ್‌ಪಿಎಲ್ (ಮಂಗಳೂರು ರಿಫೈನರಿ ಅಂಡ್ ಪೆಟ್ರೋಕೆಮಿಕಲ್ಸ್) ಅಂದ ಕೂಡಲೇ ನಮ್ಮಲ್ಲಿ ಮಾತು ಎರಡೇ ಕಡೆ ಹೋಗುತ್ತದೆ: ಒಂದು ಮಾಲಿನ್ಯ, ಇನ್ನೊಂದು ಸ್ಥಳೀಯರಿಗೆ ಉದ್ಯೋಗ. ಎರಡೂ ನ್ಯಾಯವಾದ ಮಾತೇ. ಆದರೆ ಇಲ್ಲಿ ತಯಾರಾದ ವಸ್ತು ಮುಂದೆ ಏನಾಗುತ್ತದೆ, ಅದರ ಬೆಲೆ ಯಾವ ಊರಿನಲ್ಲಿ ಏರುತ್ತದೆ ಅನ್ನುವ ಪ್ರಶ್ನೆಯನ್ನು ನಾವು ಕೇಳುವುದು ತೀರಾ ಕಡಿಮೆ. ನನಗೆ ಮುಖ್ಯ ಅನಿಸುವುದು ಆ ಪ್ರಶ್ನೆ.

ಬಂದರಿನಿಂದ ಶುರುವಾದದ್ದು

ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿತು. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಮರುವರ್ಷವೇ, 1976ರಲ್ಲಿ, ಪಕ್ಕದಲ್ಲಿ ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಊರಿನವರು ಇದನ್ನು ಎಂಸಿಎಫ್ ಅಂತಲೇ ಕರೆಯುವುದು. ಕರ್ನಾಟಕದಲ್ಲಿ ಯೂರಿಯಾ ತಯಾರಿಸುವ ಕಾರ್ಖಾನೆ ಇದೊಂದೇ. ವರ್ಷಕ್ಕೆ ಸುಮಾರು 3.8 ಲಕ್ಷ ಟನ್ ಯೂರಿಯಾ ಮಾಡುವ ಸಾಮರ್ಥ್ಯ ಇದಕ್ಕಿದೆ.

ಆಮೇಲೆ ಬಂದದ್ದು ಎಂಆರ್‌ಪಿಎಲ್. ಆದಿತ್ಯ ಬಿರ್ಲಾ ಗುಂಪು ಮತ್ತು ಹಿಂದೂಸ್ತಾನ್ ಪೆಟ್ರೋಲಿಯಂ ಸೇರಿ 1988ರಲ್ಲಿ ಕಟ್ಟಿದ ಕಂಪನಿ. ಕುತ್ತೆತ್ತೂರಿನ ರಿಫೈನರಿ 1996ರಲ್ಲಿ ಓಡತೊಡಗಿದಾಗ ಸಾಮರ್ಥ್ಯ ವರ್ಷಕ್ಕೆ 30 ಲಕ್ಷ ಟನ್ ಕಚ್ಚಾತೈಲ ಇತ್ತು. ಕೆಲವೇ ವರ್ಷಗಳಲ್ಲಿ ಅದು 97 ಲಕ್ಷ ಟನ್ ಹತ್ತಿರ ಬಂತು. ಮೂರನೇ ಹಂತದ ವಿಸ್ತರಣೆ ಮುಗಿದ ಮೇಲೆ 1.5 ಕೋಟಿ ಟನ್ ಆಯಿತು. ಬಾಳದಲ್ಲಿ ಜರ್ಮನಿಯ ಬಿಎಎಸ್‌ಎಫ್ ಘಟಕ ಬಂತು. ಬೈಕಂಪಾಡಿಯಲ್ಲಿ ಸಣ್ಣ, ಮಧ್ಯಮ ಕೈಗಾರಿಕೆಗಳು ಬೆಳೆದವು. ಭೂಮಿಯ ಅಡಿಯಲ್ಲಿ ದೇಶದ ತುರ್ತು ಬಳಕೆಗಾಗಿ ಕಚ್ಚಾತೈಲ ಸಂಗ್ರಹಿಸುವ ಗುಹೆಗಳಾದವು. ಮಂಗಳೂರಿನದ್ದು 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನದ್ದು 25 ಲಕ್ಷ ಟನ್.

ಹಣದ ಲೆಕ್ಕದಲ್ಲಿ ಇದು ಎಷ್ಟು ದೊಡ್ಡದು? 2022-23ರಲ್ಲಿ ಎಂಆರ್‌ಪಿಎಲ್ ಒಂದರ ವಹಿವಾಟೇ ಒಂದು ಲಕ್ಷ ಕೋಟಿ ರೂಪಾಯಿ ದಾಟಿತ್ತು. ಬಂದರಿನ ಕಡೆಯಿಂದಲೂ ನೋಡಬಹುದು. ಕುದುರೆಮುಖದ ಅದಿರು ಒಂದು ಕಾಲದಲ್ಲಿ ಈ ಬಂದರಿನ ಜೀವಾಳ. 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ಅಂಥ ದೊಡ್ಡ ಸರಕು ಕೈತಪ್ಪಿದರೂ ಬಂದರು ಸೊರಗಲಿಲ್ಲ. ಕಾರಣ ತೈಲ. ಈಚಿನ ವರ್ಷಗಳಲ್ಲಿ ಇಲ್ಲಿ ವರ್ಷಕ್ಕೆ 4 ಕೋಟಿ ಟನ್ ಮೀರಿ ಸರಕು ಇಳಿಯುತ್ತದೆ, ಏರುತ್ತದೆ. ಅದರಲ್ಲಿ ದೊಡ್ಡ ಪಾಲು ಕಚ್ಚಾತೈಲ ಮತ್ತು ಪೆಟ್ರೋಲಿಯಂ ಉತ್ಪನ್ನಗಳದ್ದು.

ಅಂದರೆ ಬುನಾದಿ ಗಟ್ಟಿಯಾಗಿಯೇ ಇದೆ. ಆಳವಾದ ಬಂದರು, ದೊಡ್ಡ ರಿಫೈನರಿ, ಸುರತ್ಕಲ್ಲಿನಲ್ಲಿ 1960ರಿಂದ ಎಂಜಿನಿಯರುಗಳನ್ನು ತಯಾರು ಮಾಡುತ್ತಿರುವ ಕಾಲೇಜು, 2020ರ ಕೊನೆಗೆ ಬಂದ ನೈಸರ್ಗಿಕ ಅನಿಲ. ಇಷ್ಟೆಲ್ಲ ಒಂದೇ ಕಡೆ ಇರುವ ಜಾಗ ದಕ್ಷಿಣ ಭಾರತದಲ್ಲಿ ಕೊಚ್ಚಿ, ಚೆನ್ನೈ, ವಿಶಾಖಪಟ್ಟಣ ಬಿಟ್ಟರೆ ಇನ್ನೆಲ್ಲಿದೆ?

ಒಂದರ ಉತ್ಪನ್ನ ಇನ್ನೊಂದರ ಕಚ್ಚಾವಸ್ತು

ರಾಸಾಯನಿಕ ಉದ್ಯಮದ ಸ್ವಭಾವ ಬೇರೆ ಉದ್ಯಮಗಳಿಗಿಂತ ಸ್ವಲ್ಪ ಬೇರೆ. ಇಲ್ಲಿ ತಯಾರಾಗುವ ಹೆಚ್ಚಿನ ವಸ್ತುಗಳನ್ನು ನಾನು, ನೀವು ಅಂಗಡಿಯಲ್ಲಿ ಕೊಳ್ಳುವುದಿಲ್ಲ. ಒಂದು ಕಾರ್ಖಾನೆಯ ಮಾಲನ್ನು ಇನ್ನೊಂದು ಕಾರ್ಖಾನೆ ಕೊಳ್ಳುತ್ತದೆ, ಅದರದ್ದನ್ನು ಮತ್ತೊಂದು. ಹೀಗೆ ನಾಲ್ಕೈದು ಹಂತ ದಾಟಿದ ಮೇಲೆ ಬಟ್ಟೆಯೋ ಬಾಟಲಿಯೋ ಬಣ್ಣವೋ ಆಗಿ ನಮ್ಮ ಮನೆಗೆ ಬರುತ್ತದೆ. ಹಂತ ದಾಟಿದಂತೆ ಬೆಲೆ ಏರುತ್ತದೆ. ಕೆಲಸಗಾರರ ಸಂಖ್ಯೆ ಇನ್ನೂ ಜಾಸ್ತಿ ಏರುತ್ತದೆ. ಮೊದಲ ಹಂತಗಳಲ್ಲಿ ಸಾವಿರಾರು ಕೋಟಿ ಹಾಕಿದರೂ ಕೆಲವು ನೂರು, ಹೆಚ್ಚೆಂದರೆ ಕೆಲವು ಸಾವಿರ ಜನರಿಗೆ ಕೆಲಸ. ಕೊನೆಯ ಹಂತಗಳಲ್ಲಿ, ನೂಲು, ನೇಯ್ಗೆ, ಹೊಲಿಗೆಯಲ್ಲಿ, ಕಡಿಮೆ ಬಂಡವಾಳಕ್ಕೇ ಲಕ್ಷಾಂತರ ಕೈಗಳು ಬೇಕು.

ಪಾಲಿಯೆಸ್ಟರ್ ದಾರಿಯನ್ನೇ ನೋಡೋಣ. ಕಚ್ಚಾತೈಲದಿಂದ ನಾಫ್ತಾ ಎಂಬ ಹಗುರ ದ್ರವ ಸಿಗುತ್ತದೆ. ನಾಫ್ತಾವನ್ನು ಮರುರೂಪಿಸಿ, ಶುದ್ಧಮಾಡಿ ಪ್ಯಾರಾಕ್ಸೈಲೀನ್ ತೆಗೆಯುತ್ತಾರೆ. ಅದನ್ನು ಅಸಿಟಿಕ್ ಆಮ್ಲದಲ್ಲಿ, ಕೋಬಾಲ್ಟ್ ಮತ್ತು ಮ್ಯಾಂಗನೀಸ್ ವೇಗವರ್ಧಕ ಹಾಕಿ, ಗಾಳಿಯ ಆಮ್ಲಜನಕದೊಂದಿಗೆ ಬೆರೆಸಿದರೆ ಬಿಳಿ ಪುಡಿಯೊಂದು ಬರುತ್ತದೆ. ಅದೇ ಪ್ಯೂರಿಫೈಡ್ ಟೆರೆಫ್ತಾಲಿಕ್ ಆಸಿಡ್. ಉದ್ಯಮದವರ ಬಾಯಲ್ಲಿ ಪಿಟಿಎ. ಪಿಟಿಎ ಜೊತೆ ಮೋನೋ ಎಥಿಲೀನ್ ಗ್ಲೈಕಾಲ್, ಅಂದರೆ ಎಂಇಜಿ, ಸೇರಿದರೆ ಪಾಲಿಯೆಸ್ಟರ್. ಅದನ್ನು ಎಳೆದರೆ ನೂಲು, ಅಚ್ಚಿಗೆ ಊದಿದರೆ ನೀರಿನ ಬಾಟಲಿ.

ಈ ದಾರಿಯ ಮೊದಲ ಹಂತಗಳು ಮಂಗಳೂರಿನಲ್ಲಿವೆ. ಎಂಆರ್‌ಪಿಎಲ್ ನಾಫ್ತಾ ಕೊಡುತ್ತದೆ. ಒಎನ್‌ಜಿಸಿ ಮಂಗಳೂರು ಪೆಟ್ರೋಕೆಮಿಕಲ್ಸ್, ಜನ ಹೇಳುವಂತೆ ಓಎಂಪಿಎಲ್, ವರ್ಷಕ್ಕೆ ಸುಮಾರು 9 ಲಕ್ಷ ಟನ್ ಪ್ಯಾರಾಕ್ಸೈಲೀನ್ ಮಾಡುವ ಸಾಮರ್ಥ್ಯದೊಂದಿಗೆ ಶುರುವಾಯಿತು. ಜೊತೆಗೆ ಸುಮಾರು 2.8 ಲಕ್ಷ ಟನ್ ಬೆಂಜೀನ್. ಈ ಕಂಪನಿ 2022ರಲ್ಲಿ ಎಂಆರ್‌ಪಿಎಲ್‌ನಲ್ಲೇ ವಿಲೀನವಾಯಿತು.

ಕೊನೆಯ ಹಂತವೂ ಕರ್ನಾಟಕದಲ್ಲಿದೆ. ಬೆಂಗಳೂರು ದೇಶದ ಅತಿ ದೊಡ್ಡ ಸಿದ್ಧ ಉಡುಪು ಕೇಂದ್ರಗಳಲ್ಲಿ ಒಂದು. ಅಲ್ಲಿ ಲಕ್ಷಾಂತರ ಜನ ಹೊಲಿಗೆ ಯಂತ್ರದ ಮುಂದೆ ಕೂರುತ್ತಾರೆ, ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗಗಳು ಸದ್ದು ಮಾಡುತ್ತಿವೆ. ಕಲಬುರಗಿಗೆ 2023ರಲ್ಲಿ ಪಿಎಂ ಮಿತ್ರ ಜವಳಿ ಪಾರ್ಕ್ ಘೋಷಣೆಯಾಯಿತು.

ಪ್ಯಾರಾಕ್ಸೈಲೀನ್ ನಮ್ಮದು, ಅಂಗಿ ನಮ್ಮದು. ನಡುವಿನ ಪಿಟಿಎ, ಪಾಲಿಯೆಸ್ಟರ್, ನೂಲು ಮೂರೂ ಬಹುಪಾಲು ಹೊರಗಿನದು. ಪಿಟಿಎ ಘಟಕದ ಕತೆ ನನ್ನ ಮಟ್ಟಿಗೆ ಮುಖ್ಯವಾಗುವುದು ಇದಕ್ಕೇ.

ಒಂದಕ್ಕೊಂದು ಹೊಂದುವ ಎರಡು ಘಟಕ

ಪಿಟಿಎ ಘಟಕವನ್ನು ಕಟ್ಟಿದ್ದು ಜೆಬಿಎಫ್ ಪೆಟ್ರೋಕೆಮಿಕಲ್ಸ್. ತಂತ್ರಜ್ಞಾನ ಬ್ರಿಟನ್ನಿನ ಬಿಪಿ ಕಂಪನಿಯದು. ಸಾಮರ್ಥ್ಯ ವರ್ಷಕ್ಕೆ 12.5 ಲಕ್ಷ ಟನ್.

ಇಲ್ಲೊಂದು ಸಣ್ಣ ಲೆಕ್ಕ ಮಾಡಿ ನೋಡಿ. ಒಂದು ಟನ್ ಪಿಟಿಎಗೆ ಸುಮಾರು 0.66 ಟನ್ ಪ್ಯಾರಾಕ್ಸೈಲೀನ್ ಬೇಕು. ಹಾಗಾದರೆ 12.5 ಲಕ್ಷ ಟನ್‌ಗೆ ಎಂಟೂಕಾಲು ಲಕ್ಷ ಟನ್. ಅದೇ ವಲಯದಲ್ಲಿರುವ ಘಟಕದ ಸಾಮರ್ಥ್ಯ 9 ಲಕ್ಷ ಟನ್. ಒಂದು ಇನ್ನೊಂದಕ್ಕೆ ಅಳತೆ ಕೊಟ್ಟು ಹೊಲಿಸಿದ ಹಾಗಿದೆ. ಹಡಗಿನ ಬಾಡಿಗೆ ಬೇಡ, ಟ್ಯಾಂಕರ್ ಬೇಡ, ಪೈಪಿನಲ್ಲೇ ಬಂದುಬಿಡುತ್ತದೆ. ಕಾಗದದ ಮೇಲೆ ಇದಕ್ಕಿಂತ ಚೆನ್ನಾದ ಜೋಡಣೆ ಸಿಗುವುದು ಕಷ್ಟ.

ಆದರೂ ಕೆಟ್ಟಿತು. ಮುಖ್ಯ ಕಾರಣ ಸಾಲ. ಇಂಥ ಘಟಕ ಕಟ್ಟಲು ವರ್ಷಗಟ್ಟಲೆ ಬೇಕು. ಅಷ್ಟು ಕಾಲವೂ ಬಡ್ಡಿ ಓಡುತ್ತಿರುತ್ತದೆ, ಆದಾಯ ಸೊನ್ನೆ. ಕಟ್ಟಿ ಮುಗಿದ ಮೇಲೂ ಓಡಿಸಲು ದುಡಿಯುವ ಬಂಡವಾಳ ಬೇಕು. ಪ್ಯಾರಾಕ್ಸೈಲೀನ್ ಕೊಳ್ಳಲಿಕ್ಕೇ ತಿಂಗಳಿಗೆ ನೂರಾರು ಕೋಟಿ ಕೈಯಲ್ಲಿರಬೇಕು. ಘಟಕ ಎದ್ದು ನಿಂತಿತು, ನಿರಂತರವಾಗಿ ಓಡಲೇ ಇಲ್ಲ. 2022ರಲ್ಲಿ ದಿವಾಳಿ ಪ್ರಕ್ರಿಯೆ ಶುರುವಾದಾಗ ಸಾಲ ಕೊಟ್ಟವರಿಗೆ ಬರಬೇಕಾದ ಬಾಕಿ 5,600 ಕೋಟಿ ರೂಪಾಯಿ ದಾಟಿತ್ತು.

ಸಾಲದ ಹಿಂದೆ ಮಾರುಕಟ್ಟೆಯ ಕಾರಣವೂ ಇದೆ. ಇದನ್ನು ಮುಚ್ಚಿಡಬಾರದು. ಪಿಟಿಎ ಲಾಭ ಕೊಡುವ ಸುಲಭದ ಸರಕಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಪಿಟಿಎ ಮಾಡುವುದು ಚೀನಾ. ಅಲ್ಲಿ ಒಂದರ ಪಕ್ಕ ಒಂದು ಭಾರಿ ಘಟಕಗಳು ಎದ್ದಿವೆ. ಪ್ಯಾರಾಕ್ಸೈಲೀನ್ ಬೆಲೆಗೂ ಪಿಟಿಎ ಬೆಲೆಗೂ ನಡುವಿನ ಅಂತರ ಸಣ್ಣದು. ಆ ಸಣ್ಣ ಅಂತರದಲ್ಲೇ ಬಡ್ಡಿ, ಸಂಬಳ, ವಿದ್ಯುತ್ ಎಲ್ಲ ಹೊಂದಿಸಬೇಕು. ನಮ್ಮ ದೇಶದಲ್ಲಿ ಆಮದು ಪಿಟಿಎ ಮೇಲೆ ಆಂಟಿ-ಡಂಪಿಂಗ್ ಸುಂಕ, ಅಂದರೆ ಹೊರದೇಶದವರು ತೀರಾ ಅಗ್ಗದ ಬೆಲೆಗೆ ತಂದು ಸುರಿಯುವುದನ್ನು ತಡೆಯುವ ಸುಂಕ, ಇತ್ತು. 2020ರ ಬಜೆಟ್‌ನಲ್ಲಿ ಅದನ್ನು ತೆಗೆದರು. ಬಟ್ಟೆ ಉದ್ಯಮಕ್ಕೆ ಕಚ್ಚಾವಸ್ತು ಅಗ್ಗವಾಗಿ ಸಿಗಲಿ ಅನ್ನುವುದು ಉದ್ದೇಶ. ಆ ಉದ್ದೇಶ ಸರಿಯೇ, ಏಕೆಂದರೆ ಉದ್ಯೋಗ ಇರುವುದು ಆ ತುದಿಯಲ್ಲಿ. ಆದರೆ ಸಾಲದಲ್ಲಿ ನಿಂತುಹೋದ ಪಿಟಿಎ ಘಟಕವನ್ನು ಮತ್ತೆ ಓಡಿಸುವ ಲೆಕ್ಕ ಅದರಿಂದ ಇನ್ನೂ ಬಿಗಿಯಾಯಿತು.

ಇನ್ನೊಂದು ಸಂಗತಿ ಬಹಳ ಜನರ ಗಮನಕ್ಕೆ ಬಂದಿಲ್ಲ. ಜೆಬಿಎಫ್ ಗುಂಪಿನ ಪಾಲಿಯೆಸ್ಟರ್ ಘಟಕಗಳು ಇದ್ದದ್ದು ಸಿಲ್ವಾಸಾ ಸುತ್ತಮುತ್ತ, ಸಂಯುಕ್ತ ಅರಬ್ ಸಂಸ್ಥಾನದ ರಾಸ್ ಅಲ್ ಖೈಮಾದಲ್ಲಿ, ಬೆಲ್ಜಿಯಂನ ಖೇಲ್‌ನಲ್ಲಿ. ಅಂದರೆ ಎಲ್ಲ ಸರಿಯಾಗಿ ನಡೆದಿದ್ದರೂ ಪಿಟಿಎ ಮಂಗಳೂರಿನಿಂದ ಹಡಗು ಹತ್ತಿ ಆ ಊರುಗಳಿಗೆ ಹೋಗುವ ದಾರಿಯೇ ಸುಲಭದ್ದಾಗಿತ್ತು. ಪಾಲಿಯೆಸ್ಟರ್ ಇಲ್ಲೇ ಆಗಬೇಕು ಅನ್ನುವ ಒತ್ತಾಯ ಆ ವ್ಯವಸ್ಥೆಯಲ್ಲಿ ಎಲ್ಲೂ ಇರಲಿಲ್ಲ.

ಹಿಂದೆಯೂ ಹೀಗೇ ಆಗಿತ್ತು

ಇದು ಇಲ್ಲಿ ಮೊದಲ ಸಲ ಅಲ್ಲ. ಎಂಆರ್‌ಪಿಎಲ್ ಕೂಡ ಇದೇ ಕಷ್ಟದಲ್ಲಿತ್ತು. ಸಾಮರ್ಥ್ಯ ಮೂರು ಪಟ್ಟು ಹೆಚ್ಚಿಸಿದ ಸಾಲ, ಇಳಿದ ಸಂಸ್ಕರಣಾ ಲಾಭ ಎರಡೂ ಸೇರಿ ಕಂಪನಿ ನಷ್ಟದಲ್ಲಿ ಮುಳುಗುವ ಹಂತಕ್ಕೆ ಬಂದಿತ್ತು. 2003ರ ಮಾರ್ಚ್‌ನಲ್ಲಿ ಒಎನ್‌ಜಿಸಿ ಬಿರ್ಲಾ ಗುಂಪಿನ ಪಾಲು ಕೊಂಡಿತು. ಶೇರು ರೂಪದಲ್ಲಿ 600 ಕೋಟಿ ರೂಪಾಯಿ ಹೊಸದಾಗಿ ಹಾಕಿತು. ಸಾಲ ಕೊಟ್ಟವರ ಜೊತೆ ಕೂತು ಕಂತು, ಬಡ್ಡಿ ಹೊಂದಿಸಿತು. ರಿಫೈನರಿ ಅದೇ, ಯಂತ್ರ ಅದೇ, ಕೆಲಸಗಾರರು ಅವರೇ. ಬಹಳ ಬೇಗ ಲಾಭಕ್ಕೆ ತಿರುಗಿತು.

ಇಪ್ಪತ್ತು ವರ್ಷದ ಮೇಲೆ ಪಿಟಿಎ ಘಟಕಕ್ಕೂ ಸರ್ಕಾರಿ ಕಂಪನಿಯೇ ಬರಬೇಕಾಯಿತು. ಇಂಡಿಯನ್ ಆಯಿಲ್ ಮತ್ತು ಒಎನ್‌ಜಿಸಿ ಜೋಡಿಯೂ ಬಿಡ್ ಹಾಕಿತ್ತು. ಗೆದ್ದದ್ದು ಕೇಂದ್ರ ಸರ್ಕಾರದ ಅನಿಲ ಕಂಪನಿ ಗೇಲ್. 2023ರ ಜೂನ್‌ನಲ್ಲಿ ಸುಮಾರು 2,100 ಕೋಟಿ ರೂಪಾಯಿ ಹಾಕಿ ಘಟಕವನ್ನು ತನ್ನದಾಗಿಸಿಕೊಂಡಿತು. ಹೆಸರು ಗೇಲ್ ಮಂಗಳೂರು ಪೆಟ್ರೋಕೆಮಿಕಲ್ಸ್ ಎಂದಾಯಿತು. 5,600 ಕೋಟಿಯ ಬಾಕಿಯ ಮುಂದೆ 2,100 ಕೋಟಿ ಅರ್ಧವೂ ಅಲ್ಲ. ಬ್ಯಾಂಕುಗಳಿಗೆ ನಷ್ಟವಾಯಿತು, ಅದು ನಿಜ. ಆದರೆ ಹೊಸ ಒಡೆಯನಿಗೆ ಇದರಿಂದ ದೊಡ್ಡ ಅನುಕೂಲವಾಗಿದೆ. ಇನ್ನು ಮುಂದೆ ಪ್ರತಿ ಟನ್ ಪಿಟಿಎ ಹೊರಬೇಕಾದ ಬಂಡವಾಳದ ಭಾರ ಮೊದಲಿಗಿಂತ ಬಹಳ ಕಡಿಮೆ. ಸಣ್ಣ ಲಾಭದ ಈ ವ್ಯಾಪಾರದಲ್ಲಿ ಉಳಿಯುವುದೋ ಮುಳುಗುವುದೋ ಅನ್ನುವುದನ್ನು ಅದೇ ನಿರ್ಧರಿಸಬಹುದು.

ಎರಡು ಪ್ರಕರಣಗಳನ್ನು ಒಟ್ಟಿಗೆ ಇಟ್ಟಾಗ ನನಗೆ ಅನಿಸುವುದು ಇದು. ಕರಾವಳಿಯ ರಾಸಾಯನಿಕ ಉದ್ಯಮಕ್ಕೆ ತಂತ್ರಜ್ಞಾನ ಯಾವತ್ತೂ ಅಡ್ಡ ಬಂದಿಲ್ಲ. ಅಡ್ಡ ಬಂದದ್ದು ದೀರ್ಘಕಾಲ ಕಾಯಬಲ್ಲ ಹಣ ಇಲ್ಲದಿರುವುದು. ಕಾಯಬಲ್ಲ ಒಡೆಯ ಸಿಕ್ಕಾಗ ಅದೇ ಯಂತ್ರಗಳು ಸಂಪತ್ತಾದವು.

ಎಂಸಿಎಫ್ ಕತೆ ಬೇರೆ ತರಹದ್ದು, ಆದರೆ ಅದೂ ಕಾಯುವಿಕೆಯದೇ. ಅದು ನಾಫ್ತಾದಿಂದ ಅಮೋನಿಯಾ ಮಾಡಿ, ಅಮೋನಿಯಾದಿಂದ ಯೂರಿಯಾ ಮಾಡುತ್ತಿತ್ತು. ನಾಫ್ತಾ ದುಬಾರಿ. ರೈತನಿಗೆ 45 ಕೆಜಿ ಯೂರಿಯಾ ಚೀಲ 270 ರೂಪಾಯಿ ಒಳಗೇ ಸಿಗಬೇಕು, ಉಳಿದದ್ದು ಕೇಂದ್ರದ ಸಬ್ಸಿಡಿ. ನಾಫ್ತಾ ಬಿಟ್ಟು ನೈಸರ್ಗಿಕ ಅನಿಲ ಬಳಸಿ ಎಂದು ಕೇಂದ್ರ ಗಡುವು ಕೊಟ್ಟಿತು. ಬದಲಾಗಲು ಅನಿಲದ ಪೈಪೇ ಬಂದಿರಲಿಲ್ಲ. ಗಡುವು ಮುಗಿದು 2014ರ ಅಕ್ಟೋಬರ್‌ನಲ್ಲಿ ದಕ್ಷಿಣದ ಮೂರು ನಾಫ್ತಾ ಆಧಾರಿತ ಕಾರ್ಖಾನೆಗಳಲ್ಲಿ ಯೂರಿಯಾ ಉತ್ಪಾದನೆ ನಿಂತಿತು: ಮಂಗಳೂರು, ಚೆನ್ನೈ ಬಳಿಯ ಮನಲಿ, ತೂತುಕುಡಿ. ಆಮೇಲೆ ಕೇಂದ್ರ ವಿನಾಯಿತಿ ಕೊಟ್ಟಿತು. ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರ್ ಪೈಪು ಬಂದು, ಎಂಸಿಎಫ್ ಅನಿಲಕ್ಕೆ ಬದಲಾದದ್ದು 2020ರ ಕೊನೆಯಲ್ಲಿ. 2021ರ ಜನವರಿ 5ರಂದು ಪ್ರಧಾನಿ ಆ ಪೈಪ್‌ಲೈನ್ ಉದ್ಘಾಟಿಸಿದರು. ಒಂದು ಪೈಪಿಗಾಗಿ ಇಡೀ ರಾಜ್ಯದ ಏಕೈಕ ಯೂರಿಯಾ ಕಾರ್ಖಾನೆ ಅಷ್ಟು ವರ್ಷ ತೂಗುಯ್ಯಾಲೆಯಲ್ಲಿತ್ತು.

ಘಟ್ಟ ಹತ್ತುವುದು ಮತ್ತು ಹತ್ತದಿರುವುದು

ನಡುವಿನ ಹಂತಗಳು ಇಲ್ಲಿ ಯಾಕೆ ಬೆಳೆಯಲಿಲ್ಲ? ಒಂದು ಉತ್ತರ ಶಿರಾಡಿಯಲ್ಲಿದೆ.

ಮಂಗಳೂರಿನಿಂದ ಹಾಸನ ದಾರಿಯಾಗಿ ಬೆಂಗಳೂರಿಗೆ ಪೆಟ್ರೋಲಿಯಂ ಪೈಪ್‌ಲೈನ್ ಇದೆ. 360 ಕಿಲೋಮೀಟರಿಗೂ ಜಾಸ್ತಿ ಉದ್ದ, 2003ರಿಂದ ಕೆಲಸ ಮಾಡುತ್ತಿದೆ. ಡೀಸೆಲ್, ಪೆಟ್ರೋಲ್ ಅದರಲ್ಲಿ ಘಟ್ಟ ಹತ್ತುತ್ತವೆ. ಅಡುಗೆ ಅನಿಲಕ್ಕೂ ಬೇರೆ ಪೈಪಿದೆ. ಪೈಪಿನಲ್ಲಿ ಹೋಗುವ ಸರಕಿಗೆ ಪಶ್ಚಿಮ ಘಟ್ಟ ಅಡ್ಡಿಯೇ ಅಲ್ಲ. ಮಳೆ ಬರಲಿ, ಗುಡ್ಡ ಜಾರಲಿ, ಬೆಂಗಳೂರಿನ ಬಂಕ್‌ಗಳಿಗೆ ಎಣ್ಣೆ ತಲುಪುತ್ತದೆ.

ಪಿಟಿಎ ಪುಡಿ. ಪಾಲಿಯೆಸ್ಟರ್ ಚಿಪ್ಸ್ ಗಟ್ಟಿ ಸರಕು. ನೂಲು ಉಂಡೆ. ಇವೆಲ್ಲ ಲಾರಿಯಲ್ಲೋ ರೈಲಿನಲ್ಲೋ ಹೋಗಬೇಕು. ಶಿರಾಡಿ ರಸ್ತೆ ಮಳೆಗಾಲದಲ್ಲಿ ಎಷ್ಟು ಸಲ ಬಂದ್ ಆಗುತ್ತದೆ ಅನ್ನುವುದು ಕರಾವಳಿಯವರಿಗೆ ಹೇಳಬೇಕಾಗಿಲ್ಲ, ಅಲ್ವಾ? ಸಕಲೇಶಪುರ ಮತ್ತು ಸುಬ್ರಹ್ಮಣ್ಯ ನಡುವಿನ ರೈಲು ಮಾರ್ಗ ಗೇಜ್ ಬದಲಾವಣೆಗೆಂದು 1996ರಲ್ಲಿ ಮುಚ್ಚಿ, ಸುಮಾರು ಹತ್ತು ವರ್ಷ ತೆಗೆದುಕೊಂಡಿತು. ಎಂಆರ್‌ಪಿಎಲ್ ಶುರುವಾಗಿ ಬೆಳೆಯುತ್ತಿದ್ದ ಕಾಲವೂ ಅದೇ. ಸುತ್ತಲಿನ ಉದ್ಯಮ ಬೇರು ಬಿಡಬೇಕಾದ ಹೊತ್ತಿನಲ್ಲಿ ಘಟ್ಟ ಹತ್ತಿ ರಾಜಧಾನಿಗೆ ಹೋಗುವ ನೇರ ರೈಲೇ ಇರಲಿಲ್ಲ. ಇದರಿಂದ ಆದ ನಷ್ಟವನ್ನು ನಾವು ಯಾವತ್ತೂ ಸರಿಯಾಗಿ ಲೆಕ್ಕ ಹಾಕಿಲ್ಲ ಅಂತ ನನಗನಿಸುತ್ತದೆ.

ಗುಜರಾತನ್ನು ಪಕ್ಕದಲ್ಲಿಟ್ಟು ನೋಡಿದರೆ ಅರ್ಥವಾಗುತ್ತದೆ. ದಹೇಜ್, ಹಜೀರಾದಲ್ಲಿ ಪಿಟಿಎ ಇದೆ, ಎಥಿಲೀನ್ ಇದೆ. ಎಥಿಲೀನ್‌ನಿಂದ ಎಂಇಜಿ ಆಗುತ್ತದೆ. ಅಲ್ಲಿಂದ ಸಮತಟ್ಟಾದ ದಾರಿಯಲ್ಲಿ ಸ್ವಲ್ಪ ದೂರ ಹೋದರೆ ಸೂರತ್, ದೇಶದ ಸಿಂಥೆಟಿಕ್ ಬಟ್ಟೆಯ ದೊಡ್ಡ ಊರು. ತೈಲದಿಂದ ಸೀರೆಯವರೆಗೆ ಎಲ್ಲ ಹಂತಗಳೂ ಒಂದೇ ರಾಜ್ಯದಲ್ಲಿ. ಕೇಂದ್ರ 2007ರಲ್ಲಿ ಪೆಟ್ರೋಲಿಯಂ, ರಾಸಾಯನಿಕ ಹೂಡಿಕೆ ವಲಯಗಳ ನೀತಿ ತಂದಿತು. ವಲಯವೊಂದಕ್ಕೆ ಕನಿಷ್ಠ 250 ಚದರ ಕಿಲೋಮೀಟರ್ ಬೇಕು ಎಂದಿತು. ದಹೇಜ್‌ಗೆ ಅದು ಹೊಂದಿತು. ಸಮುದ್ರಕ್ಕೂ ಘಟ್ಟಕ್ಕೂ ನಡುವೆ ಸಿಕ್ಕಿಕೊಂಡ, ಮನೆ, ತೋಟ, ಗದ್ದೆ ಒತ್ತೊತ್ತಾಗಿರುವ ದಕ್ಷಿಣ ಕನ್ನಡದಲ್ಲಿ ಅಷ್ಟು ಜಾಗ ಎಲ್ಲಿಂದ ತರುವುದು? ಆ ಅಳತೆ ನಮ್ಮ ನೆಲಕ್ಕೆ ಹೇಳಿದ್ದಲ್ಲ. ಅದಕ್ಕಾಗಿ ಆಸೆಪಡುವುದೂ ಬೇಡ.

ಈಗಾಗಲೇ ಕೆಲಸ ಮಾಡುತ್ತಿರುವ ಸಣ್ಣ ಕೊಂಡಿಯೊಂದು ಇದೆ. ಎಂಆರ್‌ಪಿಎಲ್ ವರ್ಷಕ್ಕೆ 4.4 ಲಕ್ಷ ಟನ್ ಪಾಲಿಪ್ರೊಪಿಲೀನ್ ಮಾಡಬಲ್ಲದು. ಅದು ನೇಯ್ದ ಗೊಬ್ಬರದ ಚೀಲ, ಸಿಮೆಂಟ್ ಚೀಲ, ಕುರ್ಚಿ, ಬಕೆಟ್ಟಿಗೆ ಬೇಕಾದ ವಸ್ತು. ಚೀಲ ನೇಯುವ ಘಟಕಕ್ಕೆ ದೊಡ್ಡ ಜಾಗ ಬೇಡ, ಸಾವಿರ ಕೋಟಿ ಬೇಡ. ಮಂಗಳೂರು ಹತ್ತಿರದ ಗಂಜಿಮಠದಲ್ಲಿ 104 ಎಕರೆಯ ಪ್ಲಾಸ್ಟಿಕ್ ಪಾರ್ಕ್ ಯೋಜನೆ ಬಂದದ್ದು ಇದೇ ಆಲೋಚನೆಯಿಂದ. ನನಗೆ ಇದು ಸರಿಯಾದ ಅಳತೆ ಅನಿಸುತ್ತದೆ.

ಬೆಲೆ ಕೊಟ್ಟವರು

ಉದ್ಯಮದ ಬಲದ ಬಗ್ಗೆ ಬರೆಯುವಾಗ ಅದಕ್ಕೆ ಬೆಲೆ ತೆತ್ತವರ ಮಾತನ್ನು ಕೊನೆಯ ಪ್ಯಾರಾಕ್ಕೆ ತಳ್ಳಿ ಕೈತೊಳೆಯುವ ಅಭ್ಯಾಸ ಇದೆ. ಅದು ತಪ್ಪು. ಬಲಕ್ಕೆ ಮೂಲವೇ ಇವರ ನೆಲ, ಇವರ ನೀರು.

ವಿಶೇಷ ಆರ್ಥಿಕ ವಲಯದ ಮೊದಲ ಹಂತಕ್ಕೆ ಪೆರ್ಮುದೆ, ಕಳವಾರು, ಬಜಪೆ ಸುತ್ತಿನ ಗದ್ದೆ ತೋಟಗಳು ಹೋದವು. ಎರಡನೇ ಹಂತಕ್ಕೆ ಗುರುತಿಸಿದ್ದ ಸುಮಾರು 2,000 ಎಕರೆಯನ್ನು ಜನ ಬಿಟ್ಟುಕೊಡಲಿಲ್ಲ. ರೈತರ ಜೊತೆ ಪೇಜಾವರ ಮಠದ ವಿಶ್ವೇಶತೀರ್ಥ ಸ್ವಾಮೀಜಿಯೂ ನಿಂತರು. 2011ರಲ್ಲಿ ಸರ್ಕಾರ ಆ ಸ್ವಾಧೀನವನ್ನು ಕೈಬಿಟ್ಟಿತು. ಉದ್ಯಮದ ಪರವಾಗಿ ಮಾತಾಡುವ ಕೆಲವರು ಇದನ್ನು ಈಗಲೂ ಹಿನ್ನಡೆ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಮೊದಲ ಹಂತದಲ್ಲಿ ಕೊಟ್ಟ ನೆಲದಲ್ಲೇ ಒಂದು ದೊಡ್ಡ ಘಟಕ ವರ್ಷಗಟ್ಟಲೆ ಸುಮ್ಮನೆ ನಿಂತಿತ್ತು. ಇನ್ನಷ್ಟು ಗದ್ದೆ ತೆಗೆದುಕೊಂಡು ಏನು ಮಾಡುತ್ತಿದ್ದೆವು?

ನೆಲ ಕೊಟ್ಟ ಕುಟುಂಬಗಳನ್ನು ಇಲ್ಲಿ ಪಿಡಿಎಫ್ ಅನ್ನುತ್ತಾರೆ. ಕುಟುಂಬಕ್ಕೊಂದು ಕೆಲಸ ಅನ್ನುವುದು ಮಾತು. ಪಿಟಿಎ ಘಟಕದಲ್ಲೂ ಪಿಡಿಎಫ್ ನೌಕರರಿದ್ದರು. ಕಂಪನಿ ದಿವಾಳಿಗೆ ಹೋದಾಗ ಅವರ ಕೆಲಸದ ಪ್ರಶ್ನೆ ಎದ್ದಿತು. ಒಡೆತನ ಬದಲಾದಾಗ ತಮ್ಮನ್ನು ಮುಂದುವರಿಸಿ ಎಂದು ಅವರು ಬೇಡಿಕೆ ಇಡಬೇಕಾಯಿತು. ದಿವಾಳಿ ಕಾನೂನಿನಲ್ಲಿ ಹೊಸ ಒಡೆಯ ಹಳೆಯ ಹೊಣೆಗಳಿಂದ ಬಹುಮಟ್ಟಿಗೆ ಮುಕ್ತ. ಬ್ಯಾಂಕಿನ ಬಾಕಿಗೆ ಅದು ಸರಿ ಇರಬಹುದು. ನೆಲ ಬಿಟ್ಟುಕೊಟ್ಟ ಮನೆಗೆ ಕೊಟ್ಟ ಮಾತೂ ಅದೇ ಲೆಕ್ಕದಲ್ಲಿ ಕರಗಿಹೋಗುವುದು ಯಾವ ನ್ಯಾಯ? ಆ ನೆಲ ವಾಪಸ್ ಸಿಗುವುದಿಲ್ಲ. 2021ರಲ್ಲಿ ಎಂಆರ್‌ಪಿಎಲ್ ನೇಮಕಾತಿಯಲ್ಲಿ ಸ್ಥಳೀಯರ ಪಾಲು ಕಡಿಮೆ ಎಂದು ಜಿಲ್ಲೆಯಲ್ಲಿ ಎದ್ದ ಗದ್ದಲದ ಹಿಂದೆಯೂ ಇದೇ ನೋವಿದೆ.

ಗಾಳಿಯ ಮಾತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2009ರಲ್ಲಿ ದೇಶದ ಕೈಗಾರಿಕಾ ಪ್ರದೇಶಗಳಿಗೆ ಅಂಕ ಕೊಟ್ಟಿತು. 70 ದಾಟಿದರೆ ತೀವ್ರ ಮಾಲಿನ್ಯ. ಮಂಗಳೂರಿಗೆ ಸಿಕ್ಕಿದ್ದು 73.68. ಆಮೇಲೆ ಎಂಆರ್‌ಪಿಎಲ್ ಮೂರನೇ ಹಂತದ ಕೋಕ್ ಘಟಕ (ತೈಲದ ಉಳಿಕೆಯಿಂದ ಕಲ್ಲಿದ್ದಲಿನಂಥ ಕೋಕ್ ಮಾಡುವುದು) ಶುರುವಾದಾಗ ಜೋಕಟ್ಟೆ, ಕಳವಾರಿನ ಜನ ಕಪ್ಪು ಧೂಳು, ಶಬ್ದ, ವಾಸನೆ ವಿರುದ್ಧ ಬೀದಿಗಿಳಿದರು. ಹಸಿರು ವಲಯ ಮಾಡುವ ಭರವಸೆ ಬಂದದ್ದು ಆ ಹೋರಾಟದಿಂದಲೇ.

ನೀರಿನ ವಿಷಯದಲ್ಲಿ ಮಾತ್ರ ಉದ್ಯಮಕ್ಕೇ ಪೆಟ್ಟು ಬಿತ್ತು. 2019ರ ಬೇಸಿಗೆಯಲ್ಲಿ ನೇತ್ರಾವತಿ ಬತ್ತಿತು. ನಗರಕ್ಕೆ ನೀರಿನ ರೇಷನ್ ಬಂತು. ಎಂಆರ್‌ಪಿಎಲ್ ಕೂಡ ತನ್ನ ಘಟಕಗಳಲ್ಲಿ ಕೆಲವನ್ನು ನಿಲ್ಲಿಸಬೇಕಾಯಿತು. ವರ್ಷಕ್ಕೆ ಮೂರೂವರೆ ಮೀಟರ್ ಹತ್ತಿರ ಮಳೆ ಸುರಿಯುವ ಊರಿನಲ್ಲಿ ರಿಫೈನರಿಗೆ ನೀರಿಲ್ಲ! ಅದಾದ ಮೇಲೆ ತಣ್ಣೀರುಬಾವಿಯಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ, ದಿನಕ್ಕೆ 3 ಕೋಟಿ ಲೀಟರ್ ಸಾಮರ್ಥ್ಯದ ಸ್ಥಾವರ ಬಂತು. ನಗರದ ಕೊಳಚೆ ನೀರನ್ನು ಶುದ್ಧ ಮಾಡಿ ಕೈಗಾರಿಕೆಗೆ ಬಳಸುವುದೂ ಇದೆ. ಇದು ನಿಜವಾಗಿ ಮೆಚ್ಚುವ ಕೆಲಸ. ನದಿಯ ನೀರಿಗಾಗಿ ಮನೆ, ಕಾರ್ಖಾನೆ ಜಗಳವಾಡದಂತೆ ಮಾಡುವ ದಾರಿ ಇದೇ. ಪಿಟಿಎ ಘಟಕ ಪೂರ್ತಿ ಓಡತೊಡಗಿದರೆ ನೀರಿನ ಬೇಡಿಕೆ ಇನ್ನೂ ಏರುತ್ತದೆ. ಆ ನೀರು ಕೂಡ ಸಮುದ್ರದಿಂದಲೋ ಕೊಳಚೆ ಶುದ್ಧೀಕರಣದಿಂದಲೋ ಬರಬೇಕು, ನಗರಕ್ಕೆ ಕುಡಿಯುವ ನೀರು ಕೊಡುವ ತುಂಬೆ ಅಣೆಕಟ್ಟೆಯಿಂದಲ್ಲ.

ಮುಂದೆ

ಘಟಕ ಈಗ ಗೇಲ್ ಬಳಿ. ಪ್ಯಾರಾಕ್ಸೈಲೀನ್ ಒಎನ್‌ಜಿಸಿ ಗುಂಪಿನ ಎಂಆರ್‌ಪಿಎಲ್ ಬಳಿ. ಎರಡೂ ಸರ್ಕಾರಿ ಕಂಪನಿಗಳು, ಎರಡಕ್ಕೂ ಒಂದೇ ಸಚಿವಾಲಯ. ಹಾಗಿದ್ದರೂ ತಾನಾಗಿ ಹೊಂದಾಣಿಕೆ ಆಗುತ್ತದೆ ಅಂತ ನಂಬಿ ಕೂರುವಂತಿಲ್ಲ. ರಿಫೈನರಿಗೆ ಯಾವಾಗಲೂ ಇನ್ನೊಂದು ದಾರಿ ಇರುತ್ತದೆ. ಪೆಟ್ರೋಲ್ ಬೆಲೆ ಏರಿದಾಗ ಪ್ಯಾರಾಕ್ಸೈಲೀನ್ ಆಗಬೇಕಾದ ಅಂಶವನ್ನು ಪೆಟ್ರೋಲಿಗೇ ಬೆರೆಸುವುದು ಲಾಭ. ಪಿಟಿಎ ಘಟಕಕ್ಕೆ ಆ ಸ್ವಾತಂತ್ರ್ಯ ಇಲ್ಲ. ಪ್ಯಾರಾಕ್ಸೈಲೀನ್ ಬರದಿದ್ದರೆ ನಿಂತುಬಿಡುತ್ತದೆ. ಆದ್ದರಿಂದ ಬೆಲೆ ಸೂತ್ರ ಮತ್ತು ಪ್ರಮಾಣ ಎರಡನ್ನೂ ಬರೆದಿಟ್ಟ ದೀರ್ಘಾವಧಿ ಒಪ್ಪಂದ ಬೇಕು.

ಪಿಟಿಎ ಸಿಕ್ಕರೆ ಪಾಲಿಯೆಸ್ಟರ್ ತಾನಾಗಿ ಬರುವುದಿಲ್ಲ ಅನ್ನುವುದನ್ನೂ ಲೆಕ್ಕ ಹೇಳುತ್ತದೆ. 12.5 ಲಕ್ಷ ಟನ್ ಪಿಟಿಎಯಿಂದ ಸುಮಾರು 14.5 ಲಕ್ಷ ಟನ್ ಪಾಲಿಯೆಸ್ಟರ್ ಆಗುತ್ತದೆ. ಅದಕ್ಕೆ ಸುಮಾರು 5 ಲಕ್ಷ ಟನ್ ಎಂಇಜಿ ಬೇಕು. ಎಂಇಜಿಗೆ ಬೇಕಾದ ಎಥಿಲೀನ್ ತಯಾರಿಸುವ ಘಟಕ (ಕ್ರ್ಯಾಕರ್) ಮಂಗಳೂರಿನಲ್ಲಿಲ್ಲ. ಹಾಗಾಗಿ ಎಂಇಜಿ ಹಡಗಿನಲ್ಲೇ ಬರಬೇಕು. ಬರಲಿ, ಅದು ದ್ರವ, ಬಂದರು ಪಕ್ಕದಲ್ಲೇ ಇದೆ. ಇಡೀ 12.5 ಲಕ್ಷ ಟನ್ನನ್ನೂ ಇಲ್ಲೇ ಬಳಸಬೇಕು ಅನ್ನುವ ಹಠ ಬೇಕಿಲ್ಲ. ಐದರಲ್ಲಿ ಒಂದು ಪಾಲನ್ನು ರಾಜ್ಯದೊಳಗೆ ಪಾಲಿಯೆಸ್ಟರ್ ಮಾಡಿದರೂ ಸುಮಾರು 2.9 ಲಕ್ಷ ಟನ್. ದೊಡ್ಡಬಳ್ಳಾಪುರದ ಮಗ್ಗಗಳಿಗೆ, ಬೆಂಗಳೂರಿನ ಉಡುಪು ಕಾರ್ಖಾನೆಗಳಿಗೆ ನೂಲಿಗಾಗಿ ಸೂರತ್ ಕಡೆ ನೋಡುವ ಅಗತ್ಯ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಘಟಕ ಘಟ್ಟದ ಕೆಳಗಿರಬೇಕೋ ಮೇಲಿರಬೇಕೋ ಅನ್ನುವುದು ಚರ್ಚೆಯಾಗಬೇಕಾದ ವಿಷಯ. ನನ್ನ ಒಲವು ಮೇಲಕ್ಕೆ. ಹಾಸನ, ತುಮಕೂರು ಕಡೆ ಜಾಗ ಸಿಗುತ್ತದೆ, ಬಟ್ಟೆ ಉದ್ಯಮಕ್ಕೂ ಹತ್ತಿರ. ಕರಾವಳಿಯ ಮೇಲೆ ಹೊಸ ಭಾರ ಬೀಳುವುದಿಲ್ಲ. ಆದರೆ ಪುಡಿ ಘಟ್ಟ ಹತ್ತಬೇಕು, ಅದಕ್ಕೆ ಸಕಲೇಶಪುರ ಮಾರ್ಗದಲ್ಲಿ ಸರಕು ರೈಲಿಗೆ ಖಾತ್ರಿಯಾದ ಸಮಯ ಸಿಗಬೇಕು. ಇದನ್ನು ರೈಲ್ವೆ ಜೊತೆ ಕೂತು ಪಡೆಯಬೇಕಾದದ್ದು ರಾಜ್ಯ ಸರ್ಕಾರ.

ಕೇಳುವ ಹೊತ್ತು ಇದೇ. ಪಿಟಿಎ ಕೊಳ್ಳುವವರ ಜೊತೆ ಒಮ್ಮೆ ವರ್ಷಗಳ ಒಪ್ಪಂದ ಆಗಿಬಿಟ್ಟರೆ, ಸರಕು ಬಂದರಿನ ದಾರಿ ಹಿಡಿದುಬಿಟ್ಟರೆ, ಅದನ್ನು ತಿರುಗಿಸುವುದು ಕಷ್ಟ. ರಾಜ್ಯದ ಕೈಗಾರಿಕಾ ಇಲಾಖೆ ಗೇಲ್ ಮುಂದೆ ಎರಡು ಬೇಡಿಕೆ ಇಡಬಹುದು. ಕರ್ನಾಟಕದಲ್ಲಿ ಪಾಲಿಯೆಸ್ಟರ್ ಮಾಡಲು ಮುಂದೆ ಬರುವವರಿಗೆ ಒಂದು ಪಾಲು ಪಿಟಿಎ ಕಾದಿರಿಸಿ ಅನ್ನುವುದು ಒಂದು. ಪಿಡಿಎಫ್ ಕುಟುಂಬಗಳ ಪಟ್ಟಿಯಲ್ಲಿ ಇನ್ನೂ ಕೆಲಸ ಸಿಗದವರನ್ನು ಮೊದಲು ತೆಗೆದುಕೊಳ್ಳಿ ಅನ್ನುವುದು ಇನ್ನೊಂದು. ಎರಡೂ ಈ ಯೋಜನೆಯ ಗಾತ್ರಕ್ಕೆ ದೊಡ್ಡ ಖರ್ಚೇನಲ್ಲ, ಮತ್ತು ಎರಡನ್ನೂ ಘಟಕ ಪೂರ್ತಿ ವೇಗದಲ್ಲಿ ಓಡುವ ಮೊದಲೇ ಬರವಣಿಗೆಯಲ್ಲಿ ಪಡೆಯಬೇಕು.